ಚೌಕದೊಳಗಿನ ವಿಳಾಸ

ಲಗ್ನಪತ್ರಿಕೆಯ ಮೂಲೆಯಲ್ಲಿ, ಹಾಲಿನ ಅಂಗಡಿಯ ಗಾಜಿನ ಮೇಲೆ, ಮಕ್ಕಳ ಪಠ್ಯಪುಸ್ತಕದ ಪಾಠದ ತಲೆಯಲ್ಲಿ, ದೇವಸ್ಥಾನದ ಸೇವಾಪಟ್ಟಿಯ ಕೆಳಗೆ, ಹೀಗೆ ಎತ್ತ ನೋಡಿದರೂ ಕಪ್ಪು ಬಿಳುಪು ಚುಕ್ಕಿಗಳ ಚೌಕವೊಂದು ಇಂದು ಕಣ್ಣಿಗೆ ಬೀಳುತ್ತದೆ. ಕ್ಯೂಆರ್ ಕೋಡ್ ಎಂಬುದು ಅದರ ಹೆಸರು. ಮನೆಯ ಕಿರಿಯರು ಅದರೆದುರು ಮೊಬೈಲನ್ನು ಹಿಡಿದು, ಕ್ಷಣಾರ್ಧದಲ್ಲಿ ತಮ್ಮ ಕೆಲಸ ತೀರಿಸಿಕೊಳ್ಳುತ್ತಾರೆ. ಹಿರಿಯರು ತಾಮ್ರದ ತಗಡಿನ ಮೇಲೆ ಕೊರೆದ ಯಂತ್ರವನ್ನು ನೋಡುವಂತೆ ಅದನ್ನೊಮ್ಮೆ ನೋಡಿ ಸುಮ್ಮನಾಗುತ್ತಾರೆ. ಆದರೆ ಒಂದು ವಿಷಯದಲ್ಲಿ ಇಬ್ಬರೂ ಸಮಾನರು. ಆ ಚೌಕದೊಳಗೆ ಏನಿದೆಯೆಂದು ಬರಿಗಣ್ಣಿನಿಂದ ಓದಿ ಹೇಳಲು ಕಿರಿಯರಿಗೂ ಆಗದು, ಹಿರಿಯರಿಗೂ ಆಗದು.

ಇಂಥ ಚೌಕವನ್ನು ರಚಿಸುವುದು ಯಾವುದೋ ವಿಶೇಷ ವಿದ್ಯೆ, ಅದಕ್ಕೆ ಹಣ ತೆತ್ತು ಯಾರನ್ನಾದರೂ ಆಶ್ರಯಿಸಬೇಕು ಎಂಬ ಭಾವನೆ ಅನೇಕರಲ್ಲಿ ಉಂಟು. ಚೌಕದೊಳಗೆ ಚಿತ್ರ, ಹಾಡು, ಪುಟಗಟ್ಟಲೆ ಬರಹ ಎಲ್ಲವೂ ಅಡಗಿರುತ್ತವೆ ಎಂದು ತಿಳಿದವರೂ ಇದ್ದಾರೆ. ಎರಡೂ ಸರಿಯಲ್ಲ. ಜಾಲಪುಟವೊಂದರ ಸಲುವಾಗಿ ಮಾಡಿದ ಚೌಕದಲ್ಲಿ ಇರತಕ್ಕದ್ದು ಆ ಪುಟದ ವಿಳಾಸ ಮಾತ್ರ. ಅದನ್ನು ರಚಿಸುವ ಸಾಧನವೋ, ಜಾಲಪುಟಗಳನ್ನು ತೆರೆದು ತೋರಿಸುವ ಬ್ರೌಸರಿನೊಳಗೇ ಬಿಟ್ಟಿಯಾಗಿ ಕುಳಿತಿದೆ. ಈ ಎರಡು ಸಂಗತಿಗಳನ್ನು ಮನದಟ್ಟು ಮಾಡಿಕೊಂಡರೆ, ಈ ಚೌಕದ ಉಪಯೋಗವೂ ಅದರ ಅಪಾಯವೂ ತಾವಾಗಿಯೇ ತಿಳಿದುಬರುತ್ತವೆ.

ಹುಟ್ಟಿದ ಬಗೆ

ಈ ಚೌಕ ಹುಟ್ಟಿದುದು 1994ರಲ್ಲಿ, ಜಪಾನಿನಲ್ಲಿ. ಮೋಟಾರು ವಾಹನಗಳ ಬಿಡಿಭಾಗಗಳನ್ನು ತಯಾರಿಸುವ ಡೆನ್ಸೋ ಸಂಸ್ಥೆಯ ಕಾರ್ಖಾನೆಗಳಲ್ಲಿ ಅಲ್ಲಿಯವರೆಗೆ ಬಳಕೆಯಲ್ಲಿದ್ದುದು ಬಾರ್‌ಕೋಡ್, ಎಂದರೆ ಸಾಬೂನಿನ ಪೊಟ್ಟಣದ ಮೇಲೆ ಇಂದಿಗೂ ಕಾಣುವ ಗೀಟುಗಳ ಸಾಲು. ಆ ಗೀಟುಗಳಲ್ಲಿ ಇಪ್ಪತ್ತರಷ್ಟು ಅಕ್ಷರಗಳಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಆದುದರಿಂದ ಒಂದೊಂದು ಪೆಟ್ಟಿಗೆಗೂ ಹಲವು ಗೀಟುಪಟ್ಟಿಗಳನ್ನು ಅಂಟಿಸಿ, ಕೆಲಸಗಾರರು ಅವುಗಳನ್ನು ಒಂದರ ಬಳಿಕ ಒಂದರಂತೆ ದಿನವೆಲ್ಲ ಯಂತ್ರಕ್ಕೆ ಓದಿಸಬೇಕಾಗಿತ್ತು. ಈ ಬೇಸರವನ್ನು ನೀಗಿಸುವ ಹೊಣೆ ಮಸಾಹಿರೋ ಹಾರಾ ಎಂಬ ಇಂಜಿನಿಯರರ ಮೇಲೂ ಅವರ ಸಂಗಡಿಗರ ಮೇಲೂ ಬಿದ್ದಿತು.

ಹಾರಾ ಅವರು ಬಿಡುವಿನ ವೇಳೆಯಲ್ಲಿ ‘ಗೋ’ ಎಂಬ ಆಟವನ್ನು ಆಡುವವರು. ಗೆರೆಗಳ ಹಾಸಿನ ಮೇಲೆ ಕಪ್ಪು ಬಿಳಿ ಕಾಯಿಗಳನ್ನಿಟ್ಟು ಆಡುವ ಆಟ ಅದು. ಒಂದೇ ದಿಕ್ಕಿನ ಗೀಟುಗಳಿಗೆ ಬದಲಾಗಿ ಅಡ್ಡಕ್ಕೂ ಉದ್ದಕ್ಕೂ ಮನೆಗಳನ್ನು ಹರಡಿದರೆ ಅಷ್ಟೇ ಜಾಗದಲ್ಲಿ ಎಷ್ಟೋ ಪಾಲು ಹೆಚ್ಚು ವಿಷಯವನ್ನು ತುಂಬಬಹುದೆಂಬ ಹೊಳಹು ಆ ಹಾಸಿನಿಂದಲೇ ದೊರೆಯಿತೆಂದು ಅವರು ಹೇಳಿದ್ದಾರೆ.

ಆದರೆ ತೊಡಕು ಅಲ್ಲಿಗೆ ಮುಗಿಯಲಿಲ್ಲ. ಪೆಟ್ಟಿಗೆಯ ಮೇಲೆ ಬೇರೆ ಅಕ್ಷರಗಳೂ ಚಿತ್ರಗಳೂ ಇರುತ್ತವೆ; ಅವುಗಳ ನಡುವೆ ಚೌಕ ಎಲ್ಲಿದೆಯೆಂದು ಯಂತ್ರಕ್ಕೆ ಥಟ್ಟನೆ ತಿಳಿಯುವುದು ಹೇಗೆ? ಇದಕ್ಕಾಗಿ ಮೂರು ಮೂಲೆಗಳಲ್ಲಿ ದೊಡ್ಡ ಕಣ್ಣುಗಳಂಥ ಗುರುತುಗಳನ್ನು ಇಡಲಾಯಿತು. ಆ ಗುರುತಿನ ನಡುವೆ ಯಾವ ದಿಕ್ಕಿನಿಂದ ಗೆರೆ ಎಳೆದರೂ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಭಾಗಗಳು 1:1:3:1:1ರ ಪ್ರಮಾಣದಲ್ಲಿ ಬರುತ್ತವೆ. ಈ ಪ್ರಮಾಣವೇ ಏಕೆ? ಹಾರಾ ಮತ್ತು ಸಂಗಡಿಗರು ಪತ್ರಿಕೆಗಳು, ಕರಪತ್ರಗಳು, ರಟ್ಟಿನ ಪೆಟ್ಟಿಗೆಗಳು ಮುಂತಾದ ಅಚ್ಚಾದ ವಸ್ತುಗಳನ್ನು ರಾಶಿ ಹಾಕಿಕೊಂಡು ಅಳೆದರು. ಅವುಗಳಲ್ಲಿ ಎಲ್ಲಕ್ಕಿಂತ ಅಪರೂಪವಾಗಿ ಕಂಡುಬಂದ ಪ್ರಮಾಣವನ್ನೇ ಆರಿಸಿಕೊಂಡರು. ಮೊಬೈಲನ್ನು ಓರೆಯಾಗಿ ಹಿಡಿದರೂ ತಲೆಕೆಳಗಾಗಿ ಹಿಡಿದರೂ ಚೌಕ ಓದಲ್ಪಡುವುದಕ್ಕೆ ಈ ಮೂರು ಕಣ್ಣುಗಳೇ ಕಾರಣ. ‘ಕ್ವಿಕ್ ರೆಸ್ಪಾನ್ಸ್’, ಅಂದರೆ ಬೇಗನೆ ಉತ್ತರ ಕೊಡುವುದು, ಎಂಬ ಹೆಸರಿನ ಮೊದಲ ಅಕ್ಷರಗಳೇ ಕ್ಯೂಆರ್.

ಸಂಸ್ಥೆಯವರು ಇದಕ್ಕೆ ಪೇಟೆಂಟ್ ಪಡೆದರೂ, ನಿಯಮಬದ್ಧವಾಗಿ ಬಳಸುವವರ ಮೇಲೆ ಆ ಹಕ್ಕನ್ನು ಚಲಾಯಿಸುವುದಿಲ್ಲವೆಂದು ಸಾರಿದರು. ರಚನೆಯ ವಿವರವನ್ನೂ ಬಹಿರಂಗಗೊಳಿಸಿದರು. 2000ದಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಜಗತ್ತಿನ ಯಾವ ಬ್ರೌಸರಾದರೂ ಇಂದು ಯಾರ ಅಪ್ಪಣೆಯನ್ನೂ ಬೇಡದೆ ಈ ಚೌಕವನ್ನು ರಚಿಸಿಕೊಡಬಹುದಾದರೆ, ಅದಕ್ಕೆ ಆ ಔದಾರ್ಯವೇ ಮೂಲ.

ಮನೆಗಳ ಲೆಕ್ಕ

ಚೌಕಾಬಾರದ ಹಾಸಿನಲ್ಲಿರುವಂತೆ ಈ ಚೌಕದಲ್ಲಿಯೂ ಮನೆಗಳಿವೆ. ತೀರ ಚಿಕ್ಕದಾದ ಮಾದರಿಯಲ್ಲಿ ಅಡ್ಡಕ್ಕೆ 21, ಉದ್ದಕ್ಕೆ 21, ಒಟ್ಟು 441 ಮನೆಗಳು. ತುಂಬಬೇಕಾದ ವಿಷಯ ಹೆಚ್ಚಿದಂತೆ ಪ್ರತಿ ಬದಿಗೆ ನಾಲ್ಕು ನಾಲ್ಕು ಮನೆಗಳು ಕೂಡುತ್ತ ಹೋಗಿ, ನಲವತ್ತನೆಯ ಮಾದರಿಯಲ್ಲಿ ಬದಿಗೆ 177 ಮನೆಗಳಾಗುತ್ತವೆ. ಆ ಅತಿ ದೊಡ್ಡ ಚೌಕದಲ್ಲಿ ಹಿಡಿಯುವುದು ಬರಿಯ ಅಂಕಿಗಳಾದರೆ 7,089, ಬೈಟುಗಳ ಲೆಕ್ಕದಲ್ಲಾದರೆ 2,953. ಒಂದು ನಿಮಿಷದ ಹಾಡನ್ನು ಶೇಖರಿಸಲು ಲಕ್ಷಗಟ್ಟಲೆ ಬೈಟುಗಳು ಬೇಕು. ಆದುದರಿಂದ ಚೌಕದಲ್ಲಿ ಹಾಡು ಅಡಗಿದೆಯೆಂಬುದು ಭ್ರಮೆ. ಹಾಡು ಇರುವ ಸ್ಥಳದ ವಿಳಾಸ ಅದರಲ್ಲಿದೆ, ಅಷ್ಟೆ.

ಇನ್ನೊಂದು ಸೋಜಿಗವೆಂದರೆ, ಚೌಕದ ಒಂದು ಭಾಗ ಮಾಸಿದರೂ ಹರಿದರೂ ಅದು ಓದಲು ಬರುತ್ತದೆ. ಇದರ ಹಿಂದಿನ ಗಣಿತವನ್ನು 1960ರಲ್ಲಿ ಅಮೆರಿಕದ ಅರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಎಂಬಿಬ್ಬರು ಪ್ರಕಟಿಸಿದರು. ಅದರ ತಿರುಳನ್ನು ದಿನಸಿ ಅಂಗಡಿಯ ಚೀಟಿಯಿಂದ ತಿಳಿಯಬಹುದು. ಐದು ಸಾಮಾನುಗಳ ಬೆಲೆ ಬರೆದು ಕೆಳಗೆ ಮೊತ್ತ ಹಾಕಿದ ಚೀಟಿಯ ಮೇಲೆ ಎಣ್ಣೆ ಚೆಲ್ಲಿ ಬೇಳೆಯ ಬೆಲೆಯೊಂದು ಅಳಿಸಿಹೋಯಿತೆನ್ನೋಣ. ಉಳಿದ ನಾಲ್ಕನ್ನು ಮೊತ್ತದಿಂದ ಕಳೆದರೆ ಬೇಳೆಯ ಬೆಲೆ ಮತ್ತೆ ಸಿಗುತ್ತದೆ. ಹಾಗೆಯೇ ಚೌಕದಲ್ಲಿ ವಿಷಯದ ಜೊತೆಗೆ ಇಂಥ ಅನೇಕ ‘ಮೊತ್ತ’ಗಳನ್ನೂ ಬರೆದಿರುತ್ತದೆ. ಈ ರಕ್ಷಣೆಗೆ ನಾಲ್ಕು ದರ್ಜೆಗಳಿವೆ. ಕೆಳಗಿನ ದರ್ಜೆಯಲ್ಲಿ ಸುಮಾರು ಶೇಕಡ 7ರಷ್ಟು, ಮೇಲಿನ ದರ್ಜೆಯಲ್ಲಿ ಸುಮಾರು ಶೇಕಡ 30ರಷ್ಟು ಭಾಗ ಕೆಟ್ಟರೂ ತಿದ್ದಿಕೊಳ್ಳಬಹುದು. ಕ್ರೋಮ್ ಬ್ರೌಸರ್ ರಚಿಸುವ ಚೌಕದ ನಟ್ಟನಡುವೆ ಪುಟ್ಟ ಡೈನೋಸಾರ್ ಪ್ರಾಣಿಯೊಂದು ನಿಂತಿದ್ದರೂ ಓದುವುದಕ್ಕೆ ಅಡ್ಡಿಯಾಗದಿರುವುದು ಈ ಗಣಿತದ ಕೃಪೆಯಿಂದಲೇ.

ರಚಿಸುವ ಕ್ರಮ

ಕ್ರಮ ಬಹು ಸುಲಭ. ಕಂಪ್ಯೂಟರಿನಲ್ಲಿ ಕ್ರೋಮ್ ಬ್ರೌಸರನ್ನು ಬಳಸುವವರು ಬೇಕಾದ ಪುಟವನ್ನು ತೆರೆದು, ಪುಟದ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿಯನ್ನು ಒತ್ತಿದರೆ ಒಂದು ಪಟ್ಟಿ ಇಳಿಯುತ್ತದೆ. ಅದರಲ್ಲಿ ‘ಕ್ರಿಯೇಟ್ ಕ್ಯೂಆರ್ ಕೋಡ್ ಫಾರ್ ದಿಸ್ ಪೇಜ್’ ಎಂಬ ಸಾಲನ್ನು ಆರಿಸಬೇಕು. ಬಲಮೇಲ್ತುದಿಯಲ್ಲಿರುವ ಮೂರು ಚುಕ್ಕಿಗಳನ್ನು ಒತ್ತಿ, ‘ಕಾಸ್ಟ್, ಸೇವ್ ಆಂಡ್ ಶೇರ್’ ಎಂಬುದರೊಳಗೆ ಹೋದರೂ ಇದೇ ಸಾಧನ ದೊರೆಯುತ್ತದೆ. ಚಿಕ್ಕ ಕಿಟಕಿಯೊಂದು ತೆರೆದು ಅದರಲ್ಲಿ ಚೌಕ ಮೂಡುತ್ತದೆ. ಕೆಳಗಡೆ ಪುಟದ ವಿಳಾಸ ಕಾಣುತ್ತದೆ. ‘ಡೌನ್‌ಲೋಡ್’ ಎಂಬುದನ್ನು ಒತ್ತಿದರೆ ಚೌಕ ಒಂದು ಚಿತ್ರವಾಗಿ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಎಡ್ಜ್ ಬ್ರೌಸರಿನಲ್ಲಿಯೂ ಬಲಗುಂಡಿಯ ಪಟ್ಟಿಯಲ್ಲಿಯೇ ಇದು ಸಿಗುತ್ತದೆ. ಆಂಡ್ರಾಯ್ಡ್ ಮೊಬೈಲಿನ ಕ್ರೋಮ್‌ನಲ್ಲಾದರೆ ಮೂರು ಚುಕ್ಕಿಗಳನ್ನು ಒತ್ತಿ, ‘ಶೇರ್’ ಎಂಬಲ್ಲಿಗೆ ಹೋಗಿ, ‘ಕ್ಯೂಆರ್ ಕೋಡ್’ ಎಂಬುದನ್ನು ಆರಿಸಬೇಕು. ಬ್ರೌಸರಿನ ಆವೃತ್ತಿ ಬದಲಾದಂತೆ ಈ ಸಾಲುಗಳ ಸ್ಥಾನ ಅಷ್ಟಿಷ್ಟು ಅತ್ತಿತ್ತ ಆಗುವುದುಂಟು. ಸಾಧನ ಮಾತ್ರ ಅದೇ.

ಕಂಪ್ಯೂಟರಿನ ತೆರೆಯ ಮೇಲೆ ಓದುತ್ತಿದ್ದ ಪುಟವನ್ನು ಮೊಬೈಲಿಗೆ ವರ್ಗಾಯಿಸಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಉದ್ದನೆಯ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಕುಟ್ಟಬೇಕಾಗಿಲ್ಲ. ತನಗೆ ತಾನೇ ಸಂದೇಶ ಕಳುಹಿಸಿಕೊಳ್ಳಬೇಕಾಗಿಯೂ ಇಲ್ಲ. ತೆರೆಯ ಮೇಲೆ ಚೌಕ ಮೂಡಿಸಿ ಮೊಬೈಲಿನ ಕ್ಯಾಮೆರಾ ಹಿಡಿದರೆ ಸಾಕು. ಆದರೆ ಈ ಸಾಧನದ ನಿಜವಾದ ಬೆಲೆ ತಿಳಿಯುವುದು ಚೌಕವನ್ನು ಕಾಗದದ ಮೇಲೆ ಅಚ್ಚು ಹಾಕಿಸುವಾಗ.

ನಡುವಿನ ದಲ್ಲಾಳಿ

ಮದುವೆಯ ಮನೆಯವರು ಐನೂರು ಪತ್ರಿಕೆಗಳನ್ನು ಅಚ್ಚು ಹಾಕಿಸುತ್ತಾರೆ. ಕಲ್ಯಾಣಮಂಟಪದ ದಾರಿ ತೋರಿಸುವ ಪುಟಕ್ಕೆ ಒಂದು ಚೌಕ ಬೇಕಾಗುತ್ತದೆ. ಜಾಲದಲ್ಲಿ ಹುಡುಕಿದರೆ ಚೌಕ ಮಾಡಿಕೊಡುವ ತಾಣಗಳು ನೂರಾರು ಸಿಗುತ್ತವೆ. ಇವುಗಳಲ್ಲಿ ಹಲವು ಮಾಡುವ ಒಂದು ಕೆಲಸವನ್ನು ಮಾತ್ರ ಸಾಮಾನ್ಯ ಗಿರಾಕಿ ಗಮನಿಸುವುದಿಲ್ಲ. ಅವು ಚೌಕದೊಳಗೆ ಮಂಟಪದ ಪುಟದ ವಿಳಾಸವನ್ನು ಬರೆಯದೆ ತಮ್ಮ ತಾಣದ ವಿಳಾಸವನ್ನೇ ಬರೆಯುತ್ತವೆ. ಅತಿಥಿ ಮೊಬೈಲ್ ಹಿಡಿದಾಗ ಅವನ ಕೋರಿಕೆ ಮೊದಲು ಆ ತಾಣಕ್ಕೆ ಹೋಗಿ, ಅಲ್ಲಿಂದ ಮಂಟಪದ ಪುಟಕ್ಕೆ ಕಳುಹಿಸಲ್ಪಡುತ್ತದೆ.

ಇದರಲ್ಲಿ ಅನುಕೂಲವಿಲ್ಲವೆಂದಲ್ಲ. ಅಚ್ಚಾದ ಮೇಲೆ ಮಂಟಪ ಬದಲಾದರೂ ಚೌಕವನ್ನು ಬದಲಿಸದೆ ಗುರಿಯನ್ನು ಮಾತ್ರ ಬದಲಿಸಬಹುದು. ಎಷ್ಟು ಜನ ನೋಡಿದರೆಂಬ ಲೆಕ್ಕವೂ ಸಿಗುತ್ತದೆ. ದೊಡ್ಡ ವ್ಯಾಪಾರಿಗಳು ಹಣ ಕೊಟ್ಟು ಇದನ್ನೇ ಪಡೆಯುವುದುಂಟು. ಆದರೆ ‘ಉಚಿತ’ ಎಂಬ ಮಾತಿಗೆ ಮರುಳಾದವರಿಗೆ ಪರೀಕ್ಷಾವಧಿ ಮುಗಿದ ದಿನ ಇದರ ನಿಜಸ್ವರೂಪ ತಿಳಿಯುತ್ತದೆ. ಅಂಥ ತಾಣ ಅಂದು ದಾರಿಯನ್ನು ಮುಚ್ಚಿ, ಹಣ ಕಟ್ಟಿದರೆ ತೆರೆಯುವುದಾಗಿ ಹೇಳುತ್ತದೆ. ಐನೂರು ಮನೆಗಳಿಗೆ ಹಂಚಿಯಾದ ಪತ್ರಿಕೆಗಳನ್ನು ವಾಪಸು ಪಡೆಯುವುದು ಹೇಗೆ? ಚೌಕ ಕಣ್ಣಿಗೆ ಮೊದಲಿನಂತೆಯೇ ಕಾಣುತ್ತಿರುತ್ತದೆ; ಒಳಗಿನ ದಾರಿ ಮಾತ್ರ ಸತ್ತಿರುತ್ತದೆ.

ದೊಡ್ಡ ಸಂಸ್ಥೆಗಳ ದಾರಿಗಳೂ ಶಾಶ್ವತವೆಂದು ನಂಬುವಂತಿಲ್ಲ. ಉದ್ದನೆಯ ವಿಳಾಸಗಳನ್ನು ಚಿಕ್ಕದಾಗಿಸುವ ಗೂಗಲ್ ಸಂಸ್ಥೆಯ ಸೇವೆಯೊಂದು ಹೊಸ ವಿಳಾಸಗಳನ್ನು ಕೊಡುವುದನ್ನು 2019ರಲ್ಲಿ ನಿಲ್ಲಿಸಿತು. ಹಳೆಯವೂ 2025ರ ಆಗಸ್ಟ್ 25ರ ಬಳಿಕ ನಡೆಯವೆಂದು 2024ರಲ್ಲಿ ಪ್ರಕಟಣೆ ಹೊರಟಿತು. ಆಕ್ಷೇಪಗಳು ಬಂದ ಮೇಲೆ, ಬಳಕೆಯಲ್ಲಿರುವವುಗಳನ್ನು ಉಳಿಸಲಾಗುವುದೆಂದು ಆ ನಿರ್ಧಾರವನ್ನು ತಿದ್ದಲಾಯಿತು. ನಡುವೆ ನಿಂತವರು ಯಾರೇ ಆಗಲಿ, ದಾರಿಯ ಬಾಗಿಲು ಅವರ ಕೈಯಲ್ಲಿರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಬ್ರೌಸರ್ ರಚಿಸುವ ಚೌಕದಲ್ಲಿ ಈ ದಲ್ಲಾಳಿ ಇಲ್ಲ. ತೆರೆದ ಪುಟದ ವಿಳಾಸವನ್ನೇ ಅದು ನೇರವಾಗಿ ಮನೆಗಳಲ್ಲಿ ಬರೆಯುತ್ತದೆ. ಅದಕ್ಕೆ ಅವಧಿಯಿಲ್ಲ, ಬಾಡಿಗೆಯಿಲ್ಲ. ಪುಟ ತನ್ನ ವಿಳಾಸದಲ್ಲಿ ಇರುವ ತನಕ ಚೌಕವೂ ನಡೆಯುತ್ತದೆ. ಆದರೆ ಇದಕ್ಕೆ ಪ್ರತಿಯಾಗಿ ಒಂದು ಎಚ್ಚರವೂ ಬೇಕು. ಕಲ್ಲಿನಲ್ಲಿ ಕೆತ್ತಿದ ಶಾಸನದಂತೆ, ಒಮ್ಮೆ ಅಚ್ಚಾದ ಈ ಚೌಕವನ್ನು ತಿದ್ದಲು ಬರುವುದಿಲ್ಲ. ತಪ್ಪು ಪುಟವನ್ನು ತೆರೆದು ಚೌಕ ಮಾಡಿದರೆ ಐನೂರು ಪತ್ರಿಕೆಗಳೂ ಅತಿಥಿಗಳನ್ನು ತಪ್ಪು ಮಂಟಪಕ್ಕೇ ಕಳುಹಿಸುತ್ತವೆ.

ಕನ್ನಡ ವಿಳಾಸದ ಭಾರ

ಕನ್ನಡ ಪುಟಗಳಿಗೆ ಚೌಕ ಮಾಡುವವರು ತಿಳಿದಿರಬೇಕಾದ ಒಂದು ವಿಶೇಷವಿದೆ. ವಿಕಿಪೀಡಿಯದಂಥ ತಾಣಗಳಲ್ಲಿ ಪುಟದ ವಿಳಾಸದೊಳಗೇ ಕನ್ನಡ ಅಕ್ಷರಗಳಿರುತ್ತವೆ. ತೆರೆಯ ಮೇಲೆ ಅವು ಅಂದವಾಗಿ ಕಂಡರೂ, ವಿಳಾಸವನ್ನು ನಕಲು ಮಾಡಿದೊಡನೆ ಒಂದೊಂದು ಕನ್ನಡ ಚಿಹ್ನೆಯೂ ಶೇಕಡಾ ಗುರುತು ಸೇರಿದ ಒಂಬತ್ತು ಇಂಗ್ಲಿಷ್ ಅಕ್ಷರ-ಅಂಕಿಗಳಾಗಿ ಬಿಚ್ಚಿಕೊಳ್ಳುತ್ತದೆ. ‘ಕನ್ನಡ’ ಎಂಬ ಮೂರಕ್ಷರದ ಪದದಲ್ಲಿ ಒತ್ತಕ್ಷರ ಕೂಡಿ ಕಂಪ್ಯೂಟರಿನ ಲೆಕ್ಕಕ್ಕೆ ಐದು ಚಿಹ್ನೆಗಳು; ಅಂದರೆ ನಲವತ್ತೈದು ಅಕ್ಷರಗಳಷ್ಟು ಭಾರ. ವಿಳಾಸ ಉದ್ದವಾದಷ್ಟೂ ಮನೆಗಳು ಹೆಚ್ಚಿ, ಒಂದೊಂದು ಮನೆಯೂ ಸಾಸಿವೆಗಿಂತ ಕಿರಿದಾಗಿ, ಚಿಕ್ಕದಾಗಿ ಅಚ್ಚಾದಾಗ ಓದಲು ತೊಡಕಾಗುತ್ತದೆ. ವಿಳಾಸ ಮಿತಿಮೀರಿದರೆ ಬ್ರೌಸರ್ ಚೌಕ ರಚಿಸಲು ಒಪ್ಪುವುದೇ ಇಲ್ಲ.

ಇದಕ್ಕೆ ಪರಿಹಾರವುಂಟು. ಅನೇಕ ವಿಳಾಸಗಳ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಬಳಿಕ ಉದ್ದನೆಯ ಬಾಲವೊಂದು ಇರುತ್ತದೆ. ಓದುಗ ಎಲ್ಲಿಂದ ಬಂದನೆಂದು ಗುರುತಿಟ್ಟುಕೊಳ್ಳಲು ತಾಣದವರು ಜೋಡಿಸಿದ ಬಾಲ ಅದು. ಅದನ್ನು ಕತ್ತರಿಸಿ ಪುಟವನ್ನು ಮತ್ತೆ ತೆರೆದು ನೋಡಬೇಕು. ಪುಟ ಸರಿಯಾಗಿ ಬಂದರೆ ಆ ಮೋಟು ವಿಳಾಸಕ್ಕೇ ಚೌಕ ಮಾಡಬಹುದು. ಕೆಲವು ಸಲ ಆ ಬಾಲದಲ್ಲಿಯೇ ಪುಟದ ಗುರುತು ಇರುತ್ತದೆಯಾದ್ದರಿಂದ ಪರೀಕ್ಷಿಸದೆ ಕತ್ತರಿಸುವುದು ಸಲ್ಲದು.

ಅಚ್ಚಿಗೆ ಹೋಗುವ ಮುನ್ನ

ಚೌಕದ ಸುತ್ತಲೂ ಬಿಳಿಯ ಅಂಚು ಇರಲೇಬೇಕು. ನಾಲ್ಕು ಮನೆಗಳ ಅಗಲದಷ್ಟು ಖಾಲಿ ಜಾಗ ಬಿಡಬೇಕೆಂಬುದು ನಿಯಮ. ಪತ್ರಿಕೆಯ ಅಂದಕ್ಕಾಗಿ ಬಳ್ಳಿ ಹೂಗಳನ್ನು ಚೌಕಕ್ಕೆ ತಾಗಿಸಿದರೆ ಯಂತ್ರದ ಕಣ್ಣು ಕುರುಡಾಗುತ್ತದೆ. ತಿಳಿ ಬಣ್ಣದ ಹಿನ್ನೆಲೆಯ ಮೇಲೆ ಗಾಢ ಬಣ್ಣದ ಚೌಕವೇ ಲೇಸು. ಕೆಂಪು ಕಾಗದದ ಮೇಲೆ ಹೊಳೆಯುವ ಬಂಗಾರದ ಬಣ್ಣ ಲಗ್ನಪತ್ರಿಕೆಗೆ ಒಪ್ಪಬಹುದು, ಚೌಕಕ್ಕೆ ಒಪ್ಪದು. ಬದಿಗೆ ಎರಡು ಸೆಂಟಿಮೀಟರಿಗಿಂತ ಕಿರಿದಾಗಿಸುವುದು ತರವಲ್ಲ. ಗೋಡೆಗೆ ಅಂಟಿಸುವುದಾದರೆ, ನೋಡುವವರು ನಿಲ್ಲುವ ದೂರದ ಹತ್ತರಲ್ಲಿ ಒಂದು ಪಾಲಿನಷ್ಟು ಅಗಲವಿರಬೇಕೆಂಬುದು ರೂಢಿಯ ಲೆಕ್ಕ.

ಅಚ್ಚುಕೂಟದವರು ಕರಡು ಪ್ರತಿಯನ್ನು ಕಳುಹಿಸಿದಾಗ ಹೆಸರುಗಳ ಕಾಗುಣಿತವನ್ನು ನೋಡುವಷ್ಟೇ ಶ್ರದ್ಧೆಯಿಂದ ಚೌಕವನ್ನೂ ಪರೀಕ್ಷಿಸಬೇಕು. ಅದೂ ಒಂದಲ್ಲ, ಎರಡು ಮೊಬೈಲುಗಳಿಂದ. ಮಾಡಿದವರ ಕಂಪ್ಯೂಟರಿನಲ್ಲಿ ಗುಪ್ತಪದ ಕೊಟ್ಟು ತೆರೆದಿರುವ ಪುಟ ಇತರರಿಗೆ ತೆರೆಯದೆ ಹೋಗಬಹುದು. ಎರಡನೆಯ ಮೊಬೈಲಿನಿಂದ ಆ ದೋಷ ಹೊರಬೀಳುತ್ತದೆ. ಇನ್ನು ಮನೆಮಂದಿಯ ಭಾವಚಿತ್ರಗಳ ಪುಟಕ್ಕೆ ಚೌಕ ಮಾಡಿ ಎಲ್ಲರಿಗೂ ಹಂಚುವ ಮುನ್ನ ಒಂದು ಯೋಚನೆ ಅವಶ್ಯ. ವಿಳಾಸ ಉಳ್ಳವರೆಲ್ಲ ನೋಡಬಹುದಾದ ಪುಟವಾದರೆ, ಚೌಕದ ಫೋಟೋ ತೆಗೆದುಕೊಂಡ ಅಪರಿಚಿತನೂ ಅದನ್ನು ನೋಡಬಲ್ಲ.

ಪರಿತೇವಾಡಿಯ ಪಾಠ

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ಎಂಬ ಹಳ್ಳಿಯಲ್ಲಿ ಜಿಲ್ಲಾ ಪರಿಷತ್ತಿನ ಪ್ರಾಥಮಿಕ ಶಾಲೆಯೊಂದಿದೆ. 2009ರಲ್ಲಿ ಅಲ್ಲಿಗೆ ಉಪಾಧ್ಯಾಯರಾಗಿ ಬಂದ ರಣಜಿತ್‌ಸಿಂಹ ಡಿಸಳೆ ಅವರು ಕಂಡ ಕಷ್ಟ ಗಡಿನಾಡಿನ ಜನಕ್ಕೆ ಚಿರಪರಿಚಿತವಾದದ್ದು. ಹೆಣ್ಣುಮಕ್ಕಳು ಮನೆಯಲ್ಲಿ ಆಡುವ ಮಾತು ಕನ್ನಡ, ಪಠ್ಯಪುಸ್ತಕದ ಮಾತು ಬೇರೆ. ಪುಸ್ತಕ ಕೈಯಲ್ಲಿದ್ದರೂ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಡಿಸಳೆಯವರು ತಾವೇ ಕನ್ನಡ ಕಲಿತರು. ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಪುಸ್ತಕಗಳನ್ನು ಹೊಸದಾಗಿ ರೂಪಿಸಿ, ಪಾಠಗಳಿಗೆ ಚೌಕಗಳನ್ನು ಅಂಟಿಸಿದರು. ಮೊಬೈಲ್ ಹಿಡಿದರೆ ಪದ್ಯಗಳ ಧ್ವನಿ, ಪಾಠದ ದೃಶ್ಯ, ಕಥೆ, ಅಭ್ಯಾಸ ಎಲ್ಲವೂ ಕನ್ನಡದಲ್ಲಿ ಮಕ್ಕಳಿಗೆ ದೊರೆಯುವಂತಾಯಿತು. ಮುಂದೆ ಮಹಾರಾಷ್ಟ್ರ ಸರ್ಕಾರವೂ ತನ್ನ ಪಠ್ಯಪುಸ್ತಕಗಳಲ್ಲಿ ಈ ಚೌಕಗಳನ್ನು ಬಳಕೆಗೆ ತಂದಿತು. 2020ರಲ್ಲಿ ಡಿಸಳೆಯವರಿಗೆ ಹತ್ತು ಲಕ್ಷ ಡಾಲರುಗಳ ಜಾಗತಿಕ ಶಿಕ್ಷಕ ಪ್ರಶಸ್ತಿ ಲಭಿಸಿತು. ಅದರ ಅರ್ಧವನ್ನು ಅವರು ಅಂತಿಮ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಮಂದಿ ಉಪಾಧ್ಯಾಯರಿಗೆ ಹಂಚಿಕೊಟ್ಟರು.

ಈ ವೃತ್ತಾಂತದಲ್ಲಿ ಚೌಕ ಮಾಡಿದ ಕೆಲಸ ಎಷ್ಟು? ದಾರಿ ತೋರಿಸಿದ್ದಷ್ಟೆ. ದಾರಿಯ ಕೊನೆಯಲ್ಲಿ ಮಕ್ಕಳಿಗೆ ತಿಳಿಯುವ ಮಾತಿನಲ್ಲಿ ಪಾಠ ಸಿದ್ಧವಾಗಿದ್ದುದು ಉಪಾಧ್ಯಾಯರ ಶ್ರಮದಿಂದ. ಚೌಕ ಮಾಡುವುದು ಒಂದು ನಿಮಿಷದ ಕೆಲಸ, ಅದು ತೋರಿಸುವ ಮನೆಯನ್ನು ಕಟ್ಟಿ ಕಾಪಾಡುವುದು ವರ್ಷಗಳ ಕೆಲಸ ಎಂಬುದನ್ನು ಶಾಲೆಗಳೂ ಸಂಘಗಳೂ ನೆನಪಿಡುವುದು ಒಳ್ಳೆಯದು.

ಓದುವವರ ಎಚ್ಚರ

ಯಾರು ಬೇಕಾದರೂ ಚೌಕ ಮಾಡಬಹುದೆಂದ ಮೇಲೆ ವಂಚಕರೂ ಮಾಡಬಹುದಲ್ಲವೆ? ಅಂಗಡಿಯ ಚೌಕದ ಮೇಲೆ ರಾತ್ರೋರಾತ್ರಿ ತಮ್ಮ ಚೌಕವನ್ನು ಅಂಟಿಸಿ ಹಣವನ್ನು ತಮ್ಮ ಖಾತೆಗೆ ತಿರುಗಿಸಿಕೊಳ್ಳುವವರಿದ್ದಾರೆ. ಅಂಗಡಿಯ ಚೌಕದಲ್ಲಿಯೂ ಇರುವುದು ವಿಳಾಸವೇ, ಹಣ ಸೇರಬೇಕಾದ ಖಾತೆಯ ವಿಳಾಸ. ಆದುದರಿಂದ ಹಣ ಕಳುಹಿಸುವ ಮುನ್ನ ತೆರೆಯ ಮೇಲೆ ಬರುವ ಹೆಸರು ಅಂಗಡಿಯವನದೇ ಎಂದು ಕೇಳಿ ತಿಳಿಯಬೇಕು. ‘ಈ ಚೌಕಕ್ಕೆ ಮೊಬೈಲ್ ಹಿಡಿದು ಪಿನ್ ಒತ್ತಿದರೆ ನಿಮಗೆ ಹಣ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ಅದು ಮೋಸವೆಂದೇ ತಿಳಿಯತಕ್ಕದ್ದು. ಯುಪಿಐ ವ್ಯವಸ್ಥೆಯಲ್ಲಿ ಹಣ ಪಡೆಯುವವರು ಪಿನ್ ಒತ್ತಬೇಕಾಗಿಯೇ ಇಲ್ಲ.

ಜಾಲಪುಟದ ಚೌಕವಾದರೂ ಅಷ್ಟೆ. ಈಗಿನ ಮೊಬೈಲುಗಳ ಕ್ಯಾಮೆರಾ ಸಾಮಾನ್ಯವಾಗಿ ಪುಟವನ್ನು ತೆರೆಯುವ ಮೊದಲು ವಿಳಾಸವನ್ನು ತೋರಿಸುತ್ತದೆ. ಬಾಗಿಲು ತಟ್ಟಿದವರ ಹೆಸರು ಕೇಳಿ ಬಾಗಿಲು ತೆರೆಯುವಂತೆ, ಆ ವಿಳಾಸವನ್ನು ಓದಿ ಮುಂದುವರಿಯುವುದು ಜಾಣತನ. ಚೌಕ ಮಾಡುವವರೂ ಓದುವವರಿಗೆ ನೆರವಾಗಬಹುದು. ಅದರ ಕೆಳಗೆ ಅದು ಯಾವ ಪುಟಕ್ಕೆ ಹೋಗುತ್ತದೆಂಬುದನ್ನು ಒಂದು ಸಾಲಿನಲ್ಲಿ ಕನ್ನಡದಲ್ಲಿ ಬರೆದು, ವಿಳಾಸವನ್ನೂ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಬೇಕು. ಲಗ್ನಪತ್ರಿಕೆಯಲ್ಲಾದರೆ ಮಂಟಪದ ಬೀದಿ, ಬಡಾವಣೆ, ಹತ್ತಿರದ ಬಸ್ ನಿಲ್ದಾಣ ಇವುಗಳನ್ನು ಚೌಕವಿದೆಯೆಂದು ಬಿಟ್ಟುಬಿಡಬಾರದು. ಅತಿಥಿಗಳೆಲ್ಲರ ಕೈಯಲ್ಲಿ ಮೊಬೈಲ್ ಇರುವುದಿಲ್ಲ, ಇದ್ದ ಮೊಬೈಲಿಗೂ ಮುಹೂರ್ತದ ಹೊತ್ತಿಗೆ ಸರಿಯಾಗಿ ಜಾಲ ಸಿಕ್ಕದೆ ಹೋಗಬಹುದು. ಅಕ್ಷರದಲ್ಲಿ ಬರೆದ ವಿಳಾಸವನ್ನು ಮಾತ್ರ ಆಟೋ ಚಾಲಕನಿಗೂ ಓದಿ ಹೇಳಬಹುದು.